ತಿಂಗಳಿಗೆ 50 ಪಾರ್ಸಲ್: ಬಾಕ್ಸ್ ಎಲ್ಲಿಂದ ತರೋದು?

ನಾನು ಆನ್‌ಲೈನಿನಲ್ಲಿ ಪಿಂಗಾಣಿ ಮಗ್ ಮಾರುತ್ತೇನೆ. ತಿಂಗಳಿಗೆ 40, ಹೆಚ್ಚೆಂದರೆ 60 ಪಾರ್ಸಲ್. ಇಷ್ಟು ಸಣ್ಣ ಲೆಕ್ಕಕ್ಕೆ ಬಾಕ್ಸ್ ಹೊಂದಿಸೋದು ಮಗ್ ಮಾರೋದಕ್ಕಿಂತ ಕಷ್ಟ. ಸಾವಿರ ಬೇಕು ಅಂದರೆ ಎಲ್ಲರೂ ಕೂರಿಸಿ ಮಾತಾಡುತ್ತಾರೆ, 50 ಅಂದರೆ ಅಲ್ಲಿಗೆ ಮಾತು ಮುಗಿಯಿತು. ಒಂದೂವರೆ ವರ್ಷದಲ್ಲಿ ನಾಲ್ಕು ದಾರಿ ಹಿಡಿದು ನೋಡಿದ್ದೇನೆ.

ಮೊದಲು ಹಳೇ ಬಾಕ್ಸ್. ಅಂಗಡಿಗಳಿಂದ ತಂದದ್ದು, ಮನೆಗೆ ಬಂದ ಪಾರ್ಸಲ್‌ಗಳದ್ದು. ಖರ್ಚಿಲ್ಲ, ರಟ್ಟು ಹಾಳಾಗೋದೂ ತಪ್ಪುತ್ತದೆ ಅಂತ ಖುಷಿಯಿತ್ತು. ಒಂದು ದಿನ ಗ್ರಾಹಕರೊಬ್ಬರು ಫೋಟೋ ಕಳಿಸಿದರು. ಬಾಕ್ಸಿನ ಒಂದು ಮೂಲೆ ಒಳಕ್ಕೆ ಕುಸಿದಿತ್ತು. ಮಗ್ಗಿನ ಹಿಡಿ ಬುಡದಲ್ಲೇ ಮುರಿದು, ಬಬಲ್ ಶೀಟಿನೊಳಗೆ ಬೇರೆಯಾಗಿ ಬಿದ್ದಿತ್ತು. ರಟ್ಟಿನ ಬಲ ಇರೋದೇ ಎರಡು ಹಾಳೆಗಳ ನಡುವಿನ ಅಲೆಅಲೆಯಾದ ಕಾಗದದಲ್ಲಿ. ಅದು ಒಮ್ಮೆ ಜಜ್ಜಿಹೋದರೆ ಮತ್ತೆ ಏಳೋದಿಲ್ಲ. ಹೊರಗಿನಿಂದ ನೋಡಿದರೆ ಗೊತ್ತೂ ಆಗೋದಿಲ್ಲ. ಹಳೇ ಬಾಕ್ಸ್ ಬಳಸಲೇಬೇಕು ಅಂದರೆ ಬಟ್ಟೆಯಂಥ ಒಡೆಯದ ಸಾಮಾನಿಗೆ ಬಳಸಿ. ಹಳೇ ಬಾರ್‌ಕೋಡ್ ಪೂರ್ತಿ ಕಿತ್ತುಹಾಕಿ, ಇಲ್ಲದಿದ್ದರೆ ಸ್ಕ್ಯಾನ್ ಮಾಡುವಾಗ ಪಾರ್ಸಲ್ ದಾರಿ ತಪ್ಪಬಹುದು.

ಎರಡನೆಯದು ಕೊರಿಯರ್‌ನವರೇ ಕೊಡುವ ಪ್ಯಾಕಿಂಗ್. ಕಾಗದಪತ್ರ, ಪುಸ್ತಕಕ್ಕೆ ಸರಿ. ಅಳತೆ ಅವರದ್ದು, ಅವರ ಸೇವೆಗೆ ಮಾತ್ರ ಬಳಸಬೇಕು. ನನಗೆ ಕೆಲಸಕ್ಕೆ ಬರಲಿಲ್ಲ.

ಮೂರನೆಯದು, ಆನ್‌ಲೈನಿನಲ್ಲಿ 25 ಅಥವಾ 50ರ ಕಟ್ಟಿನಲ್ಲಿ ಸಿಗುವ ರೆಡಿ ಬಾಕ್ಸ್. ಶುರು ಮಾಡುವವರಿಗೆ ಇದೇ ಒಳ್ಳೆಯದು ಅಂತ ಈಗಲೂ ಹೇಳುತ್ತೇನೆ. ತೊಡಕು ಇರೋದು ಅಳತೆಯಲ್ಲಿ. ಎರಡು ಮಗ್ಗಿಗೆ ನಾನು ಕೊಂಡದ್ದು ಹೊರ ಅಳತೆ 30×25×20 ಸೆಂ.ಮೀ. ಇರುವ ಬಾಕ್ಸ್. ತಕ್ಕಡಿಯಲ್ಲಿಟ್ಟರೆ ಪಾರ್ಸಲ್ 1 ಕೆಜಿ. ಬಿಲ್ ಬಂದದ್ದು 3 ಕೆಜಿಗೆ! ಕೊರಿಯರ್‌ನವರು ಜಾಗವನ್ನೂ ತೂಕವಾಗಿ ಲೆಕ್ಕ ಹಾಕುತ್ತಾರಲ್ವಾ, ಅದನ್ನು ನಾನು ಮರೆತಿದ್ದೆ. ಉದ್ದ, ಅಗಲ, ಎತ್ತರ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 15000 ಭಾಗಿಸು 5000, ಅಲ್ಲಿಗೆ 3. ಎರಡು ತೂಕದಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಮಗ್ಗುಗಳನ್ನು ಒತ್ತಾಗಿ ಜೋಡಿಸಿ ಅಳೆದು ನೋಡಿದೆ. 26×18×16 ಸಾಕಾಗಿತ್ತು. ಅದರ ಲೆಕ್ಕ 1.5 ಕೆಜಿ, ಸರಿಯಾಗಿ ಅರ್ಧ. ಬಾಕ್ಸಿನ ದರದಲ್ಲಿ ಚೌಕಾಸಿ ಮಾಡುತ್ತ ಕೂತಿದ್ದೆ. ದುಡ್ಡು ಸೋರುತ್ತಿದ್ದದ್ದು ಖಾಲಿ ಜಾಗದಲ್ಲಿ.

ಹಾಗಾಗಿ ನಾಲ್ಕನೆಯ ದಾರಿ, ಬಾಕ್ಸ್ ಮಾಡುವವರ ಹತ್ತಿರವೇ ಹೋದದ್ದು. ಮೊದಲು ಕೇಳಿದವರು 1000ಕ್ಕಿಂತ ಕಡಿಮೆ ಮಾಡೋದಿಲ್ಲ ಅಂದರು. ತಪ್ಪು ನನ್ನ ಬೇಡಿಕೆಯಲ್ಲೇ ಇತ್ತು. ಮುಚ್ಚಳ ಮಡಚಿ ಸಿಕ್ಕಿಸುವ ಚೆಂದದ ಬಾಕ್ಸ್, ಮೇಲೆ ಎರಡು ಬಣ್ಣದ ಪ್ರಿಂಟ್ ಕೇಳಿದ್ದೆ. ಅಂಥ ಬಾಕ್ಸಿಗೆ ಬೇರೆ ಡೈ (ರಟ್ಟನ್ನು ಆ ಆಕಾರಕ್ಕೆ ಕತ್ತರಿಸುವ ಅಚ್ಚು) ಬೇಕು, ಒಂದೊಂದು ಬಣ್ಣಕ್ಕೆ ಒಂದೊಂದು ಪ್ಲೇಟ್ ಬೇಕು. ಆ ಖರ್ಚು 100 ಬಾಕ್ಸಿನ ಮೇಲೆ ಬಿದ್ದರೆ ಯಾರಿಗೂ ಗಿಟ್ಟೋದಿಲ್ಲ. ಮೇಲೆ ಕೆಳಗೆ ನಾಲ್ಕು ನಾಲ್ಕು ಮಡಚುವ ಕಿವಿ ಇರುವ ಸಾದಾ ಬಾಕ್ಸಿಗೆ ಡೈ ಬೇಡ, ಮಷೀನಿನ ಅಳತೆ ಬದಲಿಸಿದರೆ ಸಾಕು. ಪ್ರಿಂಟ್ ಬಿಟ್ಟು ಸಾದಾ ಬಾಕ್ಸ್ ಕೇಳಿದಾಗ ಇನ್ನೊಬ್ಬರು 200ಕ್ಕೆ ಒಪ್ಪಿದರು. ಹೆಸರಿಗೆ ಈಗ ರಬ್ಬರ್ ಸ್ಟಾಂಪ್ ಒತ್ತುತ್ತೇನೆ. ಕಂದು ರಟ್ಟಿನ ಮೇಲೆ ಕಪ್ಪು ಇಂಕು ಚೆನ್ನಾಗಿಯೇ ಕಾಣುತ್ತದೆ.

ಇಲ್ಲೂ ಎರಡು ಕಡೆ ಪೆಟ್ಟು ತಿಂದೆ. ಸ್ಯಾಂಪಲ್ ಗಟ್ಟಿಯಿತ್ತು, ಲಾಟಿನಲ್ಲಿ ಬಂದದ್ದು ತೆಳು. ಅಂಚನ್ನು ಹೆಬ್ಬೆರಳಿನಿಂದ ಒತ್ತಿದರೆ ಸ್ಯಾಂಪಲ್ ಎದುರು ಒತ್ತುತ್ತಿತ್ತು, ಇದು ಹಾಗೇ ಒಳಗೆ ಹೋಯಿತು. ಈಗ ಎಷ್ಟು ಪ್ಲೈ (ರಟ್ಟಿನಲ್ಲಿ ಎಷ್ಟು ಪದರ), ಪ್ರತಿ ಹಾಳೆ ಎಷ್ಟು ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಗೆ ಎಷ್ಟು ಗ್ರಾಂ ತೂಕ), ಅಳತೆ ಒಳಗಿನದ್ದೋ ಹೊರಗಿನದ್ದೋ ಎಲ್ಲ ಬರೆಸಿಕೊಳ್ಳುತ್ತೇನೆ. ಮಾಡುವವರು ಸಾಮಾನ್ಯವಾಗಿ ಒಳ ಅಳತೆ ಹೇಳುತ್ತಾರೆ, ಕೊರಿಯರ್‌ನವರು ಹೊರಗೆ ಅಳೆಯುತ್ತಾರೆ. ಇನ್ನೊಂದು, ಜಾಗ. 3 ಮಿ.ಮೀ. ದಪ್ಪದ ರಟ್ಟು ಮಡಚಿದಾಗ 6 ಮಿ.ಮೀ. ಆಗುತ್ತದೆ. 200 ಬಾಕ್ಸ್ ಪೇರಿಸಿದರೆ 4 ಅಡಿ ಎತ್ತರ. ನಾನು ಸುಮ್ನೆ ಗೋಡೆಗೆ ತಾಗಿಸಿ ನೆಲದ ಮೇಲಿಟ್ಟಿದ್ದೆ. ತೇವ ಎಳೆದುಕೊಂಡು ಕೆಳಗಿನ ಹತ್ತಾರು ಬಾಕ್ಸ್ ಮೆತ್ತಗಾದವು. ಈಗ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ.

ಸರಿ, ಯಾವುದು ಗಟ್ಟಿ? ಪಾರ್ಸಲ್ ಪರೀಕ್ಷೆಗೆ ಇಸ್ಟಾ 1ಎ ಅಂತ ಒಂದು ಕ್ರಮ ಇದೆ. ಅದರಲ್ಲಿ ಹಗುರ ಪಾರ್ಸಲನ್ನು 76 ಸೆಂ.ಮೀ. ಎತ್ತರದಿಂದ 10 ಸಲ ಬೀಳಿಸುತ್ತಾರೆ. ಒಂದು ಮೂಲೆ, ಮೂರು ಅಂಚು, ಆರು ಮುಖ. ಮೇಜಿನ ಎತ್ತರ ಹೆಚ್ಚು ಕಡಿಮೆ ಅಷ್ಟೇ, ಹಾಗಾಗಿ ಮನೆಯಲ್ಲೇ ಮಾಡಿದೆ. ಬಣ್ಣ ಕೆಟ್ಟ ಮಗ್ಗುಗಳು ಹೇಗೂ ಇದ್ದವು. ಹಳೇ ಬಾಕ್ಸ್ ಮೊದಲ ಮೂಲೆಗೇ ಸೋತಿತು. ರೆಡಿ ಬಾಕ್ಸಿಗೆ ಏನೂ ಆಗಲಿಲ್ಲ, ಆದರೆ ಖಾಲಿ ಜಾಗದಲ್ಲಿ ಮಗ್ಗುಗಳು ಒಂದಕ್ಕೊಂದು ತಾಗಿ ಒಂದು ಬಿರುಕು ಬಿಟ್ಟಿತು. ಕಾಗದ ತುರುಕಿದ ಮೇಲೆ ಎರಡೂ ಉಳಿದವು. ಅಳತೆಗೆ ಮಾಡಿಸಿದ 3 ಪ್ಲೈ ಬಾಕ್ಸಿನಲ್ಲಿ 10 ಸಲಕ್ಕೂ ಏನೂ ಆಗಲಿಲ್ಲ. 5 ಪ್ಲೈ ಬೇಕೇಬೇಕು ಅಂತ ಹಲವರು ಹೆದರಿಸಿದ್ದರು. ಎರಡು ಮಗ್ಗಿಗೆ ಅದು ಬೇಡ ಅನ್ನೋದು ನನ್ನ ಅನುಭವ.

ನಿಮಗೆ ಯಾವ ಅಳತೆ ಹೆಚ್ಚು ಓಡುತ್ತದೆ ಅಂತ ಇನ್ನೂ ಗೊತ್ತಿಲ್ಲದಿದ್ದರೆ 25ರ ಕಟ್ಟು ತನ್ನಿ, ದರ ಜಾಸ್ತಿಯಾದರೂ ಪರವಾಗಿಲ್ಲ. ಮೂರು ತಿಂಗಳ ಪಾರ್ಸಲ್ ಅಳತೆಗಳನ್ನು ಬರೆದಿಡಿ. ಒಂದೇ ಅಳತೆ ಮತ್ತೆ ಮತ್ತೆ ಬಂದರೆ ಅದನ್ನು ಮಾತ್ರ ಮಾಡಿಸಿ. 200 ಜಾಸ್ತಿ ಅನ್ನಿಸಿದರೆ ನಿಮ್ಮಂತೆ ಮಾರುವ ಇನ್ನೊಬ್ಬರನ್ನು ಸೇರಿಸಿಕೊಳ್ಳಿ. ನನ್ನ ಲಾಟಿನಲ್ಲಿ 80 ಬಾಕ್ಸ್ ಮೇಣದಬತ್ತಿ ಮಾಡುವ ಗೆಳತಿಗೆ ಹೋಗುತ್ತವೆ. ಅವಳ ನಾಲ್ಕು ಜಾರ್ ಅದೇ ಅಳತೆಯಲ್ಲಿ ಸರಿಯಾಗಿ ಕೂರುತ್ತವೆ.