ಬೆಟ್ಟದ ಜಲಾಶಯಕ್ಕೆ ಯಾವುದು ಸರಿ: ಗಟ್ಟಿ ಕಯಾಕ್, ಗಾಳಿ ಕಯಾಕ್, ಪ್ಯಾಡಲ್ ಬೋರ್ಡ್?

ದೋಣಿಗಳನ್ನು ಹೋಲಿಸುವವರು ಸಾಮಾನ್ಯವಾಗಿ ನೀರಿಗಿಳಿದ ಮೇಲೆ ಮಾತು ಶುರು ಮಾಡುತ್ತಾರೆ. ಬೆಟ್ಟದ ಜಲಾಶಯದ ಮಟ್ಟಿಗೆ ಅದು ತಡವಾಯಿತು. ಇಲ್ಲಿ ಕಥೆ ಕೆಸರಿನಿಂದಲೇ ಶುರು.

ಜಲಾಶಯ ನೋಡಲು ಸರೋವರದ ಹಾಗಿದ್ದರೂ ಕೆಲಸದಲ್ಲಿ ಅದೊಂದು ಟ್ಯಾಂಕು. ಮಳೆನೀರು, ಕರಗಿದ ಹಿಮ ಅದನ್ನು ತುಂಬಿಸುತ್ತವೆ. ಕರೆಂಟಿಗೆ, ಹೊಲಕ್ಕೆ, ನಲ್ಲಿಗೆ ಅಂತ ಅದು ಖಾಲಿಯಾಗುತ್ತಾ ಹೋಗುತ್ತದೆ. ಕಡಿದಾದ ಕಣಿವೆಯಲ್ಲಿ ವರ್ಷದೊಳಗೆ ಮಟ್ಟ ಹತ್ತಿಪ್ಪತ್ತು ಮೀಟರ್ ಏರಿಳಿದರೂ ಆಶ್ಚರ್ಯವಿಲ್ಲ. ಮೊದಲ ಸಲ ಹೋದಾಗ ಕಾರಿನ ಬಾಗಿಲು ತೆಗೆದರೆ ನೀರು. ಮುಂದಿನ ಸಲ ಅದೇ ಜಾಗದಲ್ಲಿ ನಿಂತು ನೀರೆಲ್ಲಿ ಅಂತ ಹುಡುಕಿದೆ. ದೋಣಿ ಇಳಿಸುವ ಕಾಂಕ್ರೀಟ್ ಜಾರು ಅರ್ಧದಲ್ಲೇ ಮುಗಿದಿತ್ತು. ಅದರ ಕೆಳಗೆ ಬಿರುಕು ಬಿಟ್ಟ ಮಣ್ಣು, ಇನ್ನೂ ಕೆಳಗೆ ಹಸಿ ಕೆಸರು, ಆಮೇಲೆ ನೀರು. ಒಟ್ಟು ಮುನ್ನೂರು ಹೆಜ್ಜೆ ಇರಬಹುದು. ಹೋಗುವ ಮೊದಲು ಜಲಾಶಯದ ಮಟ್ಟ ನೋಡಿಕೊಳ್ಳಬೇಕು ಅನ್ನುವ ಬುದ್ಧಿ ಬಂದಿದ್ದು ಅವತ್ತೇ.

ನಾನು ಒಂದೇ ಜಲಾಶಯದಲ್ಲಿ, ಬೇರೆ ಬೇರೆ ತಿಂಗಳಲ್ಲಿ, ಮೂರನ್ನೂ ಹಾಕಿ ನೋಡಿದ್ದೇನೆ. ಒಂದು, ಸ್ನೇಹಿತನಿಂದ ಎರವಲು ತಂದ ಗಟ್ಟಿ ಪ್ಲಾಸ್ಟಿಕ್ ಕಯಾಕ್. ಒಳಗೆ ಕಾಲು ಚಾಚಿ ಕೂರುವ ಬಗೆಯದು, ತೂಕ 24 ಕಿಲೋ. ಎರಡು, ಗಾಳಿ ತುಂಬುವ ಕಯಾಕ್, 14 ಕಿಲೋ. ಮೂರು, ಗಾಳಿ ತುಂಬಿ ಮೇಲೆ ನಿಂತು ಹುಟ್ಟು ಹಾಕುವ ಪ್ಯಾಡಲ್ ಬೋರ್ಡ್, 10 ಕಿಲೋ.

ಈಗ ಆ ಮುನ್ನೂರು ಹೆಜ್ಜೆ. ಗಟ್ಟಿ ಕಯಾಕನ್ನು ಭುಜದ ಮೇಲೆ ಇಟ್ಟುಕೊಂಡು ಹೊರಟೆ. ಒಣಮಣ್ಣಿನಲ್ಲಿ ಏನೂ ಅನ್ನಿಸಲಿಲ್ಲ. ಕೆಸರಿಗೆ ಕಾಲಿಟ್ಟ ಕೂಡಲೇ ಮೊಣಕಾಲಿನವರೆಗೆ ಹೂತೆ. 24 ಕಿಲೋ ಹೊತ್ತವನು ಹೂತರೆ ಕಾಲು ಮೇಲೆ ಬರುವುದಿಲ್ಲ, ಚಪ್ಪಲಿ ಅಂತೂ ಬರುವುದೇ ಇಲ್ಲ. ಕೊನೆಗೆ ಕಯಾಕನ್ನು ಕೆಸರಿನ ಮೇಲೆ ಇಟ್ಟು, ಅದಕ್ಕೇ ಒರಗಿಕೊಂಡು, ಜಾರುಬಂಡಿಯ ಹಾಗೆ ತಳ್ಳಿಕೊಂಡು ಹೋದೆ. ಅದೊಂದು ಅನುಕೂಲ ಮಾತ್ರ ಅದಕ್ಕಿದೆ, ಎಳೆದರೂ ತಳ್ಳಿದರೂ ಹರಿಯುವುದಿಲ್ಲ. ಗಾಳಿಯ ಎರಡೂ ಬೆನ್ನುಚೀಲದಲ್ಲಿ ಹೋಗುತ್ತವೆ. ಗಟ್ಟಿ ನೆಲ ಸಿಗುವವರೆಗೆ ಚೀಲದಲ್ಲಿ ಹೊತ್ತು, ನೀರಿನ ಹತ್ತಿರ ಬಂಡೆ ನೋಡಿ ಅಲ್ಲಿ ಊದಿದರೆ ಆಯಿತು. ಈ ಸುತ್ತಿನಲ್ಲಿ ಗಟ್ಟಿ ಕಯಾಕ್ ಸೋತಿತು. ಸಣ್ಣ ಸೋಲೇನಲ್ಲ.

ಆದರೆ ಊದುವುದಕ್ಕೂ ಅದರದೇ ತಾಪತ್ರಯ ಇದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ಆದ್ದರಿಂದ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಬೋರ್ಡ್‌ಗೆ 15 ಪಿಎಸ್‌ಐ ಒತ್ತಡ ಬೇಕು (ಪಿಎಸ್‌ಐ ಅಂದರೆ ಗಾಳಿಯ ಒತ್ತಡದ ಅಳತೆ). ಅದರ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಒಳಗಡೆ ಸಾವಿರಾರು ದಾರ ಹೊಲಿದಿರುತ್ತಾರೆ. ಅದಕ್ಕೇ ಅಷ್ಟು ಒತ್ತಡದಲ್ಲೂ ಅದು ಬಲೂನಿನ ಹಾಗೆ ಉಬ್ಬದೆ ಹಲಗೆಯಾಗಿ ನಿಲ್ಲುತ್ತದೆ. ನನ್ನ ಗಾಳಿ ಕಯಾಕ್ ಸಾದಾ ಕೊಳವೆಗಳದ್ದು, 2.5 ಪಿಎಸ್‌ಐ ಸಾಕು. ಸಮುದ್ರಮಟ್ಟದಿಂದ 2000 ಮೀಟರ್ ಮೇಲೆ ಗಾಳಿಯ ಒತ್ತಡ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆ. ಗಾಳಿ ತೆಳು ಅಂದರೆ ಪಂಪಿನ ಒಂದೊಂದು ಒತ್ತಿಗೂ ಒಳಗೆ ಹೋಗುವ ಗಾಳಿ ಕಡಿಮೆ. ಬಯಲಿನಲ್ಲಿ ಹತ್ತು ನಿಮಿಷಕ್ಕೆ ತುಂಬುತ್ತಿದ್ದ ಬೋರ್ಡ್ ಅಲ್ಲಿ ಇನ್ನಷ್ಟು ಬೆವರು ಕೇಳಿತು. ಊದುವವನ ಉಸಿರಿಗೂ ಅದೇ ತೆಳು ಗಾಳಿ, ಅಲ್ವಾ?

ಸರಿ, ಬುದ್ಧಿವಂತಿಕೆ ಮಾಡೋಣ ಅಂತ ಒಂದು ಸಲ ಗಾಳಿ ಕಯಾಕನ್ನು ಕೆಳಗೇ ಊದಿ, ಕಾರಿನ ಮೇಲೆ ಕಟ್ಟಿಕೊಂಡು ಬೆಟ್ಟ ಹತ್ತಿದೆ. ಮೇಲೆ ಹೋಗಿ ತಟ್ಟಿದರೆ ತಮಟೆಯ ಹಾಗೆ ಸದ್ದು ಮಾಡಿತು. ಹೊರಗಿನ ಒತ್ತಡ ಇಳಿದಷ್ಟೂ ಒಳಗಿನದು ಹೊಲಿಗೆಯ ಮೇಲೆ ಬೀಳುತ್ತದೆ. 2000 ಮೀಟರ್ ಹತ್ತಿದರೆ ಹಾಗೆ 3 ಪಿಎಸ್‌ಐ ಜಾಸ್ತಿ. ಅಂದರೆ 2.5 ಇರಬೇಕಾದ ಕೊಳವೆಯಲ್ಲಿ 5.5. ಹೊಲಿಗೆ ಬಿಡದಿದ್ದದ್ದು ನನ್ನ ಪುಣ್ಯ. ಬೋರ್ಡ್‌ಗಾದರೂ ಹೀಗೆ ಮಾಡಬಾರದು. ಎರಡನ್ನೂ ನೀರಿನ ಪಕ್ಕದಲ್ಲೇ ತುಂಬಬೇಕು.

ಇದರ ಉಲ್ಟಾ ಕೂಡ ಆಗುತ್ತದೆ. ಬಿಸಿಲಿನಲ್ಲಿ ಕಾದ ಬಂಡೆಯ ಮೇಲೆ ಊದಿ, ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗುತ್ತದೆ. 35 ಡಿಗ್ರಿಯಿಂದ 12 ಡಿಗ್ರಿಗೆ ಪೂರ್ತಿ ತಣ್ಣಗಾದರೆ 1 ಪಿಎಸ್‌ಐಗಿಂತ ಹೆಚ್ಚೇ ಇಳಿಯಿತು ಅಂತ ಲೆಕ್ಕ. 15 ಇರುವ ಬೋರ್ಡ್‌ಗೆ ಇದು ಅಷ್ಟಾಗಿ ತಟ್ಟುವುದಿಲ್ಲ. 2.5 ಇರುವ ಕಯಾಕ್‌ಗೆ ಹೆಚ್ಚುಕಡಿಮೆ ಅರ್ಧ ಜೀವ ಹೋದ ಹಾಗೆ. ಹತ್ತು ನಿಮಿಷಕ್ಕೆ ನಡು ಬಗ್ಗಿ, ನಾನು ಕೂತ ಕಡೆ ತಗ್ಗಾಗಿ, ಮುಂಭಾಗ ಮೂಗು ಎತ್ತಿತು. ತೂತಾಯಿತೇನೋ ಅಂತ ಗಾಬರಿಯಾಗಿ ದಡಕ್ಕೆ ಬಂದೆ. ತೂತೇನೂ ಇರಲಿಲ್ಲ. ಈಗ ಊದಿದ ಮೇಲೆ ನೀರಿನಲ್ಲಿ ಸ್ವಲ್ಪ ಹೊತ್ತು ತೇಲಲು ಬಿಟ್ಟು, ಮತ್ತೆ ನಾಲ್ಕು ಒತ್ತು ಒತ್ತುತ್ತೇನೆ. ವಾಪಸ್ ದಡಕ್ಕೆ ಎಳೆದು ಊಟಕ್ಕೆ ಕೂತರೆ ಮೊದಲು ವಾಲ್ವ್ ತೆಗೆದು ಸ್ವಲ್ಪ ಬಿಡುತ್ತೇನೆ. ಬಿಸಿಲಿಗೆ ಅದು ಮತ್ತೆ ಉಬ್ಬುತ್ತದೆ.

ಗಟ್ಟಿ ಕಯಾಕಿಗೆ ಇದ್ಯಾವುದೂ ಇಲ್ಲ. ಹೊತ್ತು ತಂದ ಭುಜ ನೋಯುತ್ತಿರುವಾಗ ಅಷ್ಟಾದರೂ ಸಮಾಧಾನ.

ಇನ್ನು ಬೀಸುವ ಗಾಳಿ. ಬೆಟ್ಟದ ಜಲಾಶಯದಲ್ಲಿ ದಿನಕ್ಕೆ ಎರಡು ಮುಖ. ಬೆಳಿಗ್ಗೆ ಕನ್ನಡಿ. ಬಿಸಿಲೇರಿದ ಹಾಗೆ ಇಳಿಜಾರುಗಳು ಕಾಯುತ್ತವೆ, ಅವುಗಳ ಮೇಲಿನ ಗಾಳಿ ಬಿಸಿಯಾಗಿ ಏರುತ್ತದೆ, ಆ ಜಾಗಕ್ಕೆ ಕಣಿವೆಯ ಕೆಳಗಿನಿಂದ ಗಾಳಿ ನುಗ್ಗುತ್ತದೆ. ಜಲಾಶಯ ಉದ್ದಕ್ಕೆ, ಕಿರಿದಾಗಿ ಇರುವುದರಿಂದ ಅದು ಕೊಳವೆಯೊಳಗೆ ಊದಿದ ಹಾಗೆ ಬರುತ್ತದೆ. ನನ್ನ ಅನುಭವದಲ್ಲಿ ಹನ್ನೊಂದರ ಹೊತ್ತಿಗೆ ನೀರು ಸುಕ್ಕಾಗುತ್ತದೆ, ಒಂದರ ಹೊತ್ತಿಗೆ ಅಲೆಗಳಿಗೆ ಬಿಳಿ ನೊರೆ ಬರುತ್ತದೆ. ಸಂಜೆ ಮತ್ತೆ ತಣ್ಣಗಾಗುತ್ತದೆ.

ಬೋರ್ಡ್ ಮೇಲೆ ನಿಂತವನು ಹಾಯಿಪಟ ಇದ್ದ ಹಾಗೆ. ಬೆಳಿಗ್ಗೆ ಅದಕ್ಕಿಂತ ಚೆಂದದ್ದು ಬೇರೆ ಇಲ್ಲ. ನಿಂತು ನೋಡಿದರೆ ನೀರಿನ ಅಡಿಯ ಹಳೇ ರಸ್ತೆ, ಮುಳುಗಿದ ಮರದ ಬೊಡ್ಡೆಗಳು, ಮೀನಿನ ನೆರಳು ಎಲ್ಲಾ ಕಾಣುತ್ತವೆ. ಕೂತರೆ ಇದು ಸಿಗುವುದಿಲ್ಲ. ಆ ಖುಷಿಯಲ್ಲಿ ಸಮಯ ಮರೆತು ದೂರ ಹೋದೆ. ವಾಪಸ್ ತಿರುಗಿದಾಗ ಎದುರುಗಾಳಿ. ಹತ್ತು ಸಲ ಹುಟ್ಟು ಹಾಕಿ ದಡದ ಒಂದು ಕಲ್ಲನ್ನು ನೋಡಿದರೆ ಕಲ್ಲು ಅಲ್ಲೇ ಇತ್ತು, ನಾನೂ ಅಲ್ಲೇ ಇದ್ದೆ. ಮಂಡಿಯೂರಿದೆ. ಸ್ವಲ್ಪ ಮುಂದೆ ಹೋಯಿತು. ಕೊನೆಗೆ ಹೊಟ್ಟೆ ಮೇಲೆ ಮಲಗಿ, ಹುಟ್ಟನ್ನು ಎದೆಯಡಿ ಸಿಕ್ಕಿಸಿಕೊಂಡು, ಕೈಯಲ್ಲೇ ಬಡಿಯುತ್ತಾ ಬಂದೆ. ದಡದಲ್ಲಿ ಕೂತಿದ್ದ ಮಕ್ಕಳಿಗೆ ಒಳ್ಳೆ ಮನರಂಜನೆ.

ಅದೇ ಗಾಳಿಯಲ್ಲಿ ಗಟ್ಟಿ ಕಯಾಕ್ ಬೇರೆಯೇ ಪ್ರಾಣಿ. ನೀರಿನಲ್ಲಿ ತಗ್ಗಾಗಿ ಕೂರುತ್ತದೆ, ಅಲೆಯನ್ನು ಸೀಳುತ್ತದೆ, ಒಮ್ಮೆ ತಳ್ಳಿದರೆ ತೇಲಿ ಮುಂದೆ ಹೋಗುತ್ತದೆ. ವೇಗದಲ್ಲಿ ಉಳಿದೆರಡಕ್ಕೆ ಅದರ ಹತ್ತಿರವೂ ಬರಲಾಗುವುದಿಲ್ಲ. ಗಾಳಿ ಕಯಾಕ್ ಇವೆರಡರ ನಡುವೆ. ಹಗುರ, ಗೋಡೆ ಎತ್ತರ, ಆದ್ದರಿಂದ ಗಾಳಿ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಆದರೆ ಕೂತು ಹಾಕುವ ಎರಡು ಬದಿಯ ಹುಟ್ಟಿಗೆ ಬಲ ಇದೆ. ಹಿಂದೆ ತಳದಲ್ಲಿ ಫಿನ್, ಅಂದರೆ ಮೀನಿನ ರೆಕ್ಕೆಯಂಥ ಪಟ್ಟಿ, ಸಿಕ್ಕಿಸಿದ್ದರೆ ನೇರ ಹೋಗುತ್ತದೆ. ಫಿನ್ ಮರೆತು ಹೋದ ದಿನ ನಾನು ಬುಗುರಿ ಆಡಿದ್ದೇನೆ. ಒಂದೇ ಮಾತು: ಯಾವುದರಲ್ಲೇ ಹೋಗಲಿ, ಗಾಳಿ ಬರುವ ದಿಕ್ಕಿಗೆ ಮೊದಲು ಹೋಗಿ. ಸುಸ್ತಾದಾಗ ಅದೇ ಮನೆಗೆ ತಳ್ಳುತ್ತದೆ.

ಬೀಳುವ ಪರೀಕ್ಷೆಯನ್ನು ಬೇಕಂತಲೇ ಮಾಡಿದೆ. ದಡದ ಹತ್ತಿರ, ಲೈಫ್ ಜಾಕೆಟ್ ಹಾಕಿಕೊಂಡು, ಸ್ನೇಹಿತನನ್ನು ಕಾವಲು ನಿಲ್ಲಿಸಿ. ಮೇಲಿನ ನೀರು ಹಿತವಾಗಿತ್ತು, ಮೊಣಕಾಲಿನ ಕೆಳಗೆ ಕೊರೆಯುತ್ತಿತ್ತು. ಬಿಸಿಲಿಗೆ ಕಾದ ನೀರು ಹಗುರ, ಅದು ಮೇಲೇ ತೇಲುತ್ತದೆ, ಕೆಳಗಿನದಕ್ಕೆ ಬಿಸಿ ಅಷ್ಟಾಗಿ ತಲುಪುವುದಿಲ್ಲ. ಕೈ ಅದ್ದಿ ನೋಡಿ ಬೆಚ್ಚಗಿದೆ ಅಂತ ನಂಬಬೇಡಿ. 15 ಡಿಗ್ರಿಗಿಂತ ತಣ್ಣನೆಯ ನೀರಿಗೆ ದಿಢೀರನೆ ಬಿದ್ದರೆ ಉಸಿರು ಕೈಗೆ ಸಿಗುವುದಿಲ್ಲ, ತಾನಾಗಿ ಏದುಸಿರು ಬರುತ್ತದೆ. ಆ ಒಂದು ನಿಮಿಷ ಏನೂ ಮಾಡದೆ ಸುಮ್ನೆ ತೇಲಬೇಕು. ಆಮೇಲೆ ಹತ್ತೋದು.

ಬೋರ್ಡ್‌ಗೆ ಹತ್ತುವುದು ಸುಲಭ. ಕಾಲು ಒದ್ದು, ಮಧ್ಯದ ಹಿಡಿ ಹಿಡಿದು, ಹೊಟ್ಟೆ ಮೇಲೆ ಜಾರಿದರೆ ಆಯಿತು. ಒಂದೇ ಷರತ್ತು, ಕಾಲಿಗೆ ಲೀಶ್, ಅಂದರೆ ಬೋರ್ಡಿಗೆ ಸೇರಿದ ಹಗ್ಗ, ಕಟ್ಟಿರಬೇಕು. ಇಲ್ಲದಿದ್ದರೆ ಗಾಳಿಗೆ ಬೋರ್ಡ್ ನೀವು ಈಜುವುದಕ್ಕಿಂತ ಬೇಗ ಓಡುತ್ತದೆ. ಗಾಳಿ ಕಯಾಕ್ ಬೇಕೆಂದರೂ ಮಗುಚಲಿಲ್ಲ, ನಾನೇ ಹೊರಗೆ ಹಾರಬೇಕಾಯಿತು. ಎತ್ತರದ ಗೋಡೆ ಹತ್ತಲು ಎರಡು ಪ್ರಯತ್ನ ಬೇಕಾಯಿತು. ಗಟ್ಟಿ ಕಯಾಕ್ ಮಗುಚಿತು, ಒಳಗೆಲ್ಲಾ ನೀರು ತುಂಬಿತು, ಸ್ನಾನದ ತೊಟ್ಟಿಯಷ್ಟು ಭಾರವಾಯಿತು. ಮೂರು ಸಲ ಹತ್ತಲು ನೋಡಿದೆ, ಮೂರು ಸಲವೂ ಮತ್ತೆ ಮಗುಚಿತು. ಕೊನೆಗೆ ಈಜಿಕೊಂಡು ಎಳೆದು ತಂದೆ. ಹುಟ್ಟಿಗೆ ಕಟ್ಟುವ ತೇಲುಚೀಲ, ನೀರು ತೆಗೆಯುವ ಕೈಪಂಪ್, ಇವೆರಡನ್ನು ಬಳಸಲು ಕಲಿತವರಿಗೆ ಇದು ಸಮಸ್ಯೆಯಲ್ಲ. ನಾನು ಕಲಿತಿರಲಿಲ್ಲ. ಕಲಿಯದವನು ಆ ದೋಣಿಯಲ್ಲಿ ದಡ ಬಿಟ್ಟು ನಡುನೀರಿಗೆ ಹೋಗಬಾರದು. ಮೂರರಲ್ಲಿ ಅತಿ ಗಟ್ಟಿಮುಟ್ಟಾಗಿ ಕಾಣುವುದೇ ನನ್ನಂಥವನಿಗೆ ಅತಿ ಅಪಾಯದ್ದು ಅಂತ ಅಂದುಕೊಂಡೇ ಇರಲಿಲ್ಲ.

ಬೊಡ್ಡೆಗಳ ವಿಷಯ ಹೇಳಲೇಬೇಕು. ನೀರು ಇಳಿದಾಗ ಮುಳುಗಿದ್ದ ಮರಗಳ ಬೊಡ್ಡೆಗಳು ಮೇಲ್ಮೈಗೆ ಒಂದು ಗೇಣು ಕೆಳಗೆ ಕಾಯುತ್ತಿರುತ್ತವೆ. ಬೋರ್ಡಿನ ಫಿನ್ ಸುಮಾರು 23 ಸೆಂಟಿಮೀಟರ್ ಕೆಳಗಿಳಿದಿರುತ್ತದೆ. ಅದು ಬೊಡ್ಡೆಗೆ ತಾಗಿದರೆ ಬೋರ್ಡ್ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ. ನಾನು ಮೂತಿ ಅಡಿಯಾಗಿ ಬಿದ್ದೆ. ಗಾಳಿ ಕಯಾಕ್ ಒಂದು ಸಲ ಉಜ್ಜಿತು, ಗೀರು ಬಿತ್ತು, ಹರಿಯಲಿಲ್ಲ. ಆದರೂ ಆಮೇಲೆ ಅರ್ಧ ಗಂಟೆ ಬುಸ್ ಅನ್ನುವ ಸದ್ದಿಗೆ ಕಿವಿ ಕೊಟ್ಟೇ ಕೂತಿದ್ದೆ. ಗಟ್ಟಿ ಕಯಾಕಿಗೆ ಗೀರು ಅಂದರೆ ಆಭರಣ.

ಅಣೆಕಟ್ಟಿನ ಹತ್ತಿರ ಎಚ್ಚರಿಕೆಗೆಂದು ಕಟ್ಟಿದ ತೇಲುಗುಂಡುಗಳ ಸಾಲು ಇರುತ್ತದೆ. ಅದರಾಚೆ ಯಾವ ದೋಣಿಯೂ ಬೇಡ. ಕೆಳಗೆ ನೀರು ಎಳೆದುಕೊಳ್ಳುವ ಬಾಯಿ ಮೇಲೆ ಕಾಣಿಸುವುದಿಲ್ಲ.

ಮನೆಗೆ ಬಂದ ಮೇಲಿನ ಕೆಲಸದಲ್ಲಿ ಗಟ್ಟಿ ಕಯಾಕ್ ಗೆದ್ದಿತು. ಪೈಪು ಹಿಡಿದು ತೊಳೆದು, ಕವುಚಿ ಹಾಕಿದರೆ ಮುಗಿಯಿತು. ಗಾಳಿ ಕಯಾಕಿನ ಮಡಿಕೆಗಳಲ್ಲಿ ನೀರು, ಮರಳು, ಪಾಚಿ ಎಲ್ಲಾ ಕೂತಿರುತ್ತವೆ. ಒಣಗಿಸದೆ ಸುತ್ತಿದರೆ ಬೂಷ್ಟು. ಅದಕ್ಕಿಂತ ಮುಖ್ಯ, ಒಂದು ನೀರಿನ ಚಿಪ್ಪುಹುಳದ ಮರಿಗಳನ್ನು ಇನ್ನೊಂದು ನೀರಿಗೆ ಸಾಗಿಸುವುದು ಇಂಥ ಒದ್ದೆ ಮಡಿಕೆಗಳೇ. ಕಣ್ಣಿಗೆ ಕಾಣದಷ್ಟು ಸಣ್ಣವು ಅವು, ಬೆಳೆದ ಮೇಲೆ ಪೈಪುಗಳನ್ನೇ ಕಟ್ಟಿಬಿಡುತ್ತವೆ. ಪೂರ್ತಿ ಒಣಗಲು ನನಗೆ ಎರಡು ದಿನ ಬೇಕು. ಬೋರ್ಡ್ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಹಾಗಾದರೆ ಯಾವುದು? ದೂರ ಹೋಗಬೇಕು, ಕಣಿವೆಯ ಕೊನೆಯವರೆಗೆ ನೋಡಬೇಕು, ಜಾರು ನೀರಿಗೆ ಮುಟ್ಟಿದೆ, ಮಗುಚಿದರೆ ಹತ್ತಲು ಬರುತ್ತದೆ ಅನ್ನುವವರಿಗೆ ಗಟ್ಟಿ ಕಯಾಕ್. ಬೆಳಿಗ್ಗೆ ಎರಡು ಗಂಟೆ ತೇಲಿ, ಈಜಿ, ಗಾಳಿ ಏಳುವ ಮೊದಲು ಮಡಚಿ ಹೊರಡುವವರಿಗೆ ಬೋರ್ಡ್. ನಾನು ಇಟ್ಟುಕೊಂಡಿದ್ದು ಗಾಳಿ ಕಯಾಕ್. ಯಾವುದರಲ್ಲೂ ಅದು ಮೊದಲಿಲ್ಲ. ಆದರೆ ನೀರು ಎಲ್ಲಿಗೆ ಇಳಿದಿದ್ದರೂ ಅಲ್ಲಿಗೆ ಒಯ್ಯಬಹುದು, ಮಧ್ಯಾಹ್ನದ ಗಾಳಿಯಲ್ಲಿ ಕೂತು ವಾಪಸ್ ಬರಬಹುದು. ನನಗೆ ಅಷ್ಟು ಸಾಕು.

ಎರವಲು ತಂದಿದ್ದನ್ನು ತೊಳೆದು ಸ್ನೇಹಿತನಿಗೆ ಒಪ್ಪಿಸಿದೆ. ಹೇಗಿತ್ತು ಅಂತ ಕೇಳಿದ. ಭುಜ ತೋರಿಸಿದೆ.