ಟೈಲ್ ಮೇಲೆ ಟೈಲ್: ಕಚೇರಿಗೆ ಹೋಗುವವರ ಮನೆಗೆ ಅಡ್ಹೆಸಿವ್ ಎಷ್ಟು ಅನುಕೂಲ?

ಹಳೆಯ ನೆಲವನ್ನು ಒಡೆಯದೆ ಅದರ ಮೇಲೆಯೇ ಹೊಸ ಟೈಲ್ಸ್ ಕೂರಿಸಲು ಬಳಸುವ ಅಡ್ಹೆಸಿವ್ (ನೀರಿನಲ್ಲಿ ಕಲಸುವ ಅಂಟಿನ ಪುಡಿ) ಈಗ ದಾವಣಗೆರೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ವಿದ್ಯಾನಗರದ ನಮ್ಮ ಮನೆಯ ಅಡುಗೆಮನೆಗೂ ಅದಕ್ಕೆ ಹೊಂದಿಕೊಂಡಿರುವ ಊಟದ ಕೋಣೆಗೂ ಇದನ್ನೇ ಬಳಸಿದೆವು. ಅದಾಗಿ ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಕಳೆದಿವೆ. ಮನೆಯಲ್ಲಿ ಇದ್ದುಕೊಂಡೇ, ದಿನವೂ ಕೆಲಸಕ್ಕೆ ಹೋಗಿಬರುತ್ತಲೇ ರಿಪೇರಿ ಮಾಡಿಸಬೇಕಾದವರಿಗೆ ಇದು ನಿಜಕ್ಕೂ ಒಳ್ಳೆಯ ದಾರಿ ಎಂದು ಧೈರ್ಯವಾಗಿ ಹೇಳಬಲ್ಲೆ. ಆದರೆ ದಿನದ ಕೆಲವು ನಿರ್ದಿಷ್ಟ ಹೊತ್ತಿನಲ್ಲಿ ಮನೆಯವರು ಎದುರಿಗೆ ನಿಲ್ಲಲೇಬೇಕು; ಅದಾಗದಿದ್ದರೆ ಈ ಪುಡಿಗೆ ಹಾಕಿದ ದುಡ್ಡು ದಂಡ.

ನಾನು ಬ್ಯಾಂಕ್ ಶಾಖೆಯೊಂದರಲ್ಲಿ ಕೆಲಸ ಮಾಡುತ್ತೇನೆ. ಹತ್ತು ಗಂಟೆಗೆ ಕೌಂಟರ್ ತೆರೆಯಬೇಕು. ಅದಕ್ಕೆ ಮೊದಲು ನಲ್ಲಿ ನೀರು ಹಿಡಿಯಬೇಕು, ಮಗಳ ಡಬ್ಬಿ ಕಟ್ಟಬೇಕು, ಮಾವನವರ ಮಾತ್ರೆಗಳನ್ನು ತೆಗೆದಿಡಬೇಕು. ಇಂಥ ಮನೆಯಲ್ಲಿ ನೆಲ ಅಗೆಸುವುದೆಂದರೆ ಸಣ್ಣ ಮಾತಲ್ಲ. ಬ್ರೇಕರ್ ಹಚ್ಚಿ ಹಳೆಯ ಟೈಲ್ಸ್ ಕೀಳಿಸಬೇಕು, ಕೆತ್ತಿದ ಚೂರನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಬೇಕು, ಎಂ-ಸ್ಯಾಂಡ್ ತರಿಸಿ ಗೇಟಿನ ಮುಂದೆ ಸುರಿಸಬೇಕು, ಆಮೇಲೆ ನಾಲ್ಕೈದು ಸೆಂಟಿಮೀಟರ್ ದಪ್ಪದ ಗಾರೆಯ ಹಾಸು ಹಾಕಿಸಬೇಕು. ಅಂಥ ಹಾಸು ಒಂದು ಚದರ ಮೀಟರಿಗೆ 80 ಕೆಜಿಗೂ ಮಿಕ್ಕಿ ತೂಗುತ್ತದೆ. ಮಹಡಿ ಮನೆಯವರು ಆ ಭಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಡ್ಹೆಸಿವ್‌ನಲ್ಲಿ ಅಂಟಿನ ಪದರ 3ರಿಂದ 6 ಮಿಲಿಮೀಟರ್ ಮಾತ್ರ. ಮರಳಿನ ರಾಶಿಯಿಲ್ಲ, ಧೂಳು ಕಡಿಮೆ, ಅರ್ಧ ಕೋಣೆ ಮುಗಿಸಿ ಒಲೆಯನ್ನು ಆಚೆಗೆ ಸರಿಸಿಕೊಂಡು ಉಳಿದರ್ಧ ಮಾಡಿಸಬಹುದು. ನಮ್ಮ ಮನೆಯಲ್ಲಿ ಕೆಲಸ ನಡೆಯುತ್ತಿದ್ದಾಗ ಒಂದು ಹೊತ್ತೂ ಅಡುಗೆ ತಪ್ಪಲಿಲ್ಲ.

ಸಿಮೆಂಟ್ ಹಾಲು ಸುರಿದು ಟೈಲ್ಸ್ ಕೂರಿಸುವ ರೂಢಿಯ ಪದ್ಧತಿ ಏಕೆ ಸಾಲದು ಎಂಬುದನ್ನೂ ಹೇಳಬೇಕು. ಹಿಂದಿನ ಸಿರಾಮಿಕ್ ಟೈಲ್ಸ್ ನೀರು ಹೀರುತ್ತಿದ್ದವು. ಅದಕ್ಕೇ ಮೇಸ್ತ್ರಿಗಳು ಅವನ್ನು ತೊಟ್ಟಿಯಲ್ಲಿ ನೆನೆಹಾಕಿ ಬಳಸುತ್ತಿದ್ದರು. ಆ ಸಣ್ಣ ರಂಧ್ರಗಳೊಳಕ್ಕೆ ಸಿಮೆಂಟ್ ಇಳಿದು ಹಿಡಿದುಕೊಳ್ಳುತ್ತಿತ್ತು. ಗುಜರಾತಿನ ಮೋರ್ಬಿಯಿಂದ ಲಾರಿಗಟ್ಟಲೆ ಬರುವ ಇಂದಿನ ವಿಟ್ರಿಫೈಡ್ ಟೈಲ್ಸ್ ಹೀರುವ ನೀರು ತೂಕದ ಶೇ. 0.5ರಷ್ಟೂ ಇರುವುದಿಲ್ಲ. ಬರಿಯ ಸಿಮೆಂಟಿಗೆ ಅವುಗಳ ಬೆನ್ನಿನಲ್ಲಿ ಹಿಡಿತವೇ ಸಿಗದು. ಕೆಳಗಿರುವುದೂ ನುಣುಪಾದ ಹಳೆಯ ಟೈಲ್ ಆದರಂತೂ ಎರಡು ಕಡೆಯೂ ಜಾರು. ಅಡ್ಹೆಸಿವ್‌ನಲ್ಲಿ ಸಿಮೆಂಟ್ ಮತ್ತು ನುಣ್ಣನೆಯ ಮರಳಿನ ಜೊತೆಗೆ ಪಾಲಿಮರ್ ಇರುವುದರಿಂದಲೇ ಅದು ಇಂಥ ಮೈಗೂ ಅಂಟುತ್ತದೆ.

ಕೊಳ್ಳುವಾಗ ಬ್ರಾಂಡ್‌ಗಿಂತ ಮೊದಲು ನೋಡಬೇಕಾದದ್ದು ಚೀಲದ ಮೇಲಿನ ಐಎಸ್ 15477 ಎಂಬ ಭಾರತೀಯ ಮಾನಕದ ಗುರುತು ಮತ್ತು ಅದರ ಪಕ್ಕದ ಟೈಪ್ ಸಂಖ್ಯೆ. 2019ರ ಪರಿಷ್ಕರಣೆಯ ಪ್ರಕಾರ ಟೈಪ್ 1ರಿಂದ 5ರವರೆಗೆ ದರ್ಜೆಗಳಿವೆ. ಟೈಪ್ 1 ಒಳಾಂಗಣದ ನೆಲಕ್ಕೆ ಹಾಕುವ ಸಾಧಾರಣ ಸಿರಾಮಿಕ್ ಟೈಲ್ಸ್‌ಗೆ ಸಾಕಾಗುತ್ತದೆ. ಟೈಲ್ ಮೇಲೆ ಟೈಲ್ ಕೂರಿಸುವುದಕ್ಕೆ ಟೈಪ್ 3 ಅಥವಾ ಅದಕ್ಕಿಂತ ಮೇಲಿನದನ್ನೇ ತೆಗೆದುಕೊಳ್ಳಬೇಕು. ನಾನು ಊಟದ ಬಿಡುವಿನಲ್ಲಿ ಹೋಗಿದ್ದ ಮಂಡಿಪೇಟೆ ಕಡೆಯ ಒಂದು ಅಂಗಡಿಯಲ್ಲಿ ‘ಎಲ್ಲಾ ಒಂದೇ ಮೇಡಂ’ ಎಂದು ಅಗ್ಗದ ಟೈಪ್ 1 ಚೀಲಗಳನ್ನೇ ಆಟೋಗೆ ಏರಿಸಲು ಹೊರಟಿದ್ದರು. ಸಂಖ್ಯೆ ತೋರಿಸಿ ಕೇಳಿದ ಮೇಲೆ ಒಳಗಿನಿಂದ ಬೇರೆ ಚೀಲ ಬಂತು. ಅವಸರದಲ್ಲಿರುವ ಗಿರಾಕಿಗೆ ಹೀಗೆ ಆಗುವುದು ಬಹಳ ಸುಲಭ. ಆದ್ದರಿಂದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗುವುದು ಮೇಲು.

ಬೆಲೆಯ ವಿಷಯದಲ್ಲಿ ಮುಚ್ಚುಮರೆ ಬೇಡ. 20 ಕೆಜಿಯ ಟೈಪ್ 3 ಚೀಲಕ್ಕೆ 50 ಕೆಜಿ ಸಿಮೆಂಟ್ ಚೀಲಕ್ಕಿಂತ ಹೆಚ್ಚು ಕೊಡಬೇಕಾಯಿತು. 3 ಮಿಲಿಮೀಟರ್ ದಪ್ಪಕ್ಕೆ ಒಂದು ಚೀಲ ಸುಮಾರು 50 ಚದರ ಅಡಿ ಬರುತ್ತದೆ, ಆದರೆ ನೆಲ ಏರುಪೇರಾಗಿದ್ದರೆ ಅಷ್ಟು ಬರುವುದಿಲ್ಲ. ನಮ್ಮಲ್ಲಿಯೂ ಬರಲಿಲ್ಲ. ಒಡೆಯುವ ಕೂಲಿ, ಚೂರು ಸಾಗಿಸುವ ಬಾಡಿಗೆ, ಮರಳು, ಎಲ್ಲಕ್ಕಿಂತ ಹೆಚ್ಚಾಗಿ ನಾನು ಹಾಕಬೇಕಾಗುತ್ತಿದ್ದ ರಜೆ, ಇವನ್ನೆಲ್ಲ ಕೂಡಿಸಿ ನೋಡಿದರೆ ನಮಗೆ ಅಡ್ಹೆಸಿವ್ ಅಗ್ಗವಾಗಿಯೇ ಬಿತ್ತು.

ಇನ್ನು ಎದುರಿಗೆ ನಿಲ್ಲಬೇಕಾದ ಹೊತ್ತುಗಳ ಮಾತು. ಮೊದಲನೆಯದು ಹಳೆಯ ನೆಲವನ್ನು ಸಿದ್ಧಪಡಿಸುವಾಗ. ಕರಣೆಯ ಹಿಡಿಯಿಂದ ಪ್ರತಿ ಟೈಲನ್ನೂ ತಟ್ಟಿಸಿ, ಟೊಳ್ಳು ಸದ್ದು ಬಂದದ್ದನ್ನು ಕೀಳಿಸಿ ಆ ಗುಂಡಿಯನ್ನು ತುಂಬಿಸಬೇಕು. ಅಡುಗೆಮನೆಯ ನೆಲಕ್ಕೆ ವರ್ಷಗಳ ಎಣ್ಣೆಜಿಡ್ಡು ಹತ್ತಿರುತ್ತದೆ, ಅದನ್ನು ಸೋಪಿನ ಪುಡಿ ಹಾಕಿ ಉಜ್ಜಿ ತೊಳೆಯದಿದ್ದರೆ ಯಾವ ಅಂಟೂ ನಿಲ್ಲದು. ತೊಳೆದು ಒಣಗಿದ ಮೇಲೆ ಗ್ರೈಂಡರಿನಿಂದ ಗೀರು ಹಾಕಿಸಿದೆವು. ಇದನ್ನು ಭಾನುವಾರಕ್ಕೆ ಇಟ್ಟುಕೊಂಡರೆ ಕಚೇರಿಯ ಚಿಂತೆ ಇರುವುದಿಲ್ಲ.

ಎರಡನೆಯದು ಕಲಸುವ ಹೊತ್ತು. 20 ಕೆಜಿಗೆ ಐದು ಲೀಟರ್ ಆಸುಪಾಸಿನ ನೀರು. ನೀರಿಗೆ ಪುಡಿ ಹಾಕಬೇಕೇ ಹೊರತು ಪುಡಿಗೆ ನೀರಲ್ಲ. ಕಲಸಿ ಐದು ನಿಮಿಷ ಬಿಟ್ಟು ಮತ್ತೊಮ್ಮೆ ಕಲಸಬೇಕು. ನಮ್ಮ ಮೇಸ್ತ್ರಿ ಕೈಚಳಕವುಳ್ಳವರು, ಅವರ ಮೂಲೆಯ ಕಟಿಂಗ್ ನೋಡಿದರೆ ಕಣ್ಣು ತುಂಬುತ್ತದೆ. ಆದರೂ ಬಕೆಟ್ಟಿನ ಮುಂದೆ ಕುಳಿತು, ‘ಎರಡು ಬೊಗಸೆ ಸಿಮೆಂಟ್ ಸೇರಿಸಿದ್ರೆ ಇನ್ನೂ ಗಟ್ಟಿ ಹಿಡಿತೈತ್ರಿ ಮೇಡಂ’ ಎಂದರು. ‘ಬೇಡ ಅಣ್ಣಾ, ಚೀಲದ ಮೇಲೆ ಬರೆದಷ್ಟೇ ಹಾಕಿ’ ಎಂದೆ. ಸಿಮೆಂಟ್ ಬೆರೆಸಿದರೆ ಪಾಲಿಮರ್‌ನ ಪ್ರಮಾಣ ತಗ್ಗಿ, ನಾವು ಹೆಚ್ಚು ಬೆಲೆ ಕೊಟ್ಟ ಗುಣವೇ ಕಳೆದುಹೋಗುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಒಂದೇ ಸಲಕ್ಕೆ ಇಡೀ ಚೀಲ ಕಲಸಿಡುವುದೂ ಸರಿಯಲ್ಲ. ನೆಲಕ್ಕೆ ಎಳೆದ ಅಂಟಿನ ಮೇಲೆ ಇಪ್ಪತ್ತು ನಿಮಿಷದೊಳಗೇ ತೆಳುವಾದ ಕೆನೆ ಕಟ್ಟತೊಡಗುತ್ತದೆ. ಬೆರಳಿನಿಂದ ಮುಟ್ಟಿದಾಗ ಅಂಟು ಬೆರಳಿಗೆ ಹತ್ತದಿದ್ದರೆ ಅದನ್ನು ಕೆರೆದು ತೆಗೆಸಬೇಕು. ಗಟ್ಟಿಯಾದದ್ದಕ್ಕೆ ಮತ್ತೆ ನೀರು ಬೆರೆಸಲು ಬಿಡಲೇಬಾರದು.

ಮೂರನೆಯದು ಮೊದಲ ಸಾಲು ಕೂರಿಸುವಾಗ. ಟೈಲಿನ ಬೆನ್ನಿಗೆ ನಾಲ್ಕು ಮೂಲೆ ಮತ್ತು ನಡುವೆ ಐದು ಉಂಡೆ ಇಟ್ಟು ಒತ್ತಿಬಿಡುವ ಅಭ್ಯಾಸ ಹಲವರಿಗಿದೆ. ಹಾಗೆ ಮಾಡಿದರೆ ಉಂಡೆಗಳ ನಡುವೆ ಪೊಳ್ಳು ಉಳಿದು, ತುಂಬಿದ ಗ್ಯಾಸ್ ಸಿಲಿಂಡರನ್ನು ಕುಕ್ಕಿ ಇಳಿಸಿದ ದಿನ ಅಲ್ಲೇ ಬಿರುಕು ಬಿಡುತ್ತದೆ. ಹಲ್ಲಿನ ಕರಣೆಯಿಂದ ಇಡೀ ನೆಲದ ಮೇಲೆ ಒಂದೇ ದಿಕ್ಕಿಗೆ ಗೆರೆ ಎಳೆದು, ಟೈಲಿನ ಬೆನ್ನಿಗೂ ತೆಳ್ಳಗೆ ಸವರಿ ಕೂರಿಸಬೇಕು. ಮೇಸ್ತ್ರಿ ಕೂರಿಸಿದ ಎರಡನೆಯ ಟೈಲನ್ನೇ ಎಬ್ಬಿಸಿ ತೋರಿಸಲು ಕೇಳಿದೆ. ಬೆನ್ನಿನ ಮುಕ್ಕಾಲು ಭಾಗ ಬೂದುಬಣ್ಣದ ಅಂಟಿನಿಂದ ತುಂಬಿತ್ತು, ಒಂದು ಮೂಲೆ ಮಾತ್ರ ಬೆಳ್ಳಗೆ ಉಳಿದಿತ್ತು. ಮೇಸ್ತ್ರಿ ತಾವೇ ಅದನ್ನು ನೋಡಿ ಮಾತಿಲ್ಲದೆ ಮತ್ತೆ ಸವರಿದರು. ಆಮೇಲಿನ ಸಾಲುಗಳಲ್ಲಿ ತಟ್ಟಿ ನೋಡಿದರೆ ಎಲ್ಲೂ ಟೊಳ್ಳು ಕೇಳಲಿಲ್ಲ. ಇಷ್ಟಾದ ಮೇಲೆ ನಾನು ನೆಮ್ಮದಿಯಾಗಿ ಬ್ಯಾಂಕಿಗೆ ಹೋದೆ. ಟೈಲ್ಸ್ ಹಾಕಿ 24 ಗಂಟೆ ಕಳೆದ ಮೇಲೆ ಸಂದುಗಳಿಗೆ ಗ್ರೌಟ್ ತುಂಬಿಸಿದ್ದಾಯಿತು. ಅಲ್ಲಿಯವರೆಗೆ ಮಾವನವರು ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕುಳಿತು ಯಾರನ್ನೂ ಒಳಗೆ ಬಿಡಲಿಲ್ಲ.

ಕೊರತೆಗಳೂ ಇವೆ. ಟೈಲ್ ಮತ್ತು ಅಂಟು ಸೇರಿ ನೆಲ ಒಂದು ಸೆಂಟಿಮೀಟರಿಗೂ ಹೆಚ್ಚು ಏರುವುದರಿಂದ ಬಾಗಿಲುಗಳ ಅಡಿಯನ್ನು ಬಡಗಿಯಿಂದ ಕೊಯ್ಯಿಸಬೇಕಾಯಿತು; ಪಡಸಾಲೆಗೆ ಇಳಿಯುವಲ್ಲಿ ಸಣ್ಣ ಮೆಟ್ಟಿಲಿನಂತಾಗಿ, ವಯಸ್ಸಾದವರು ಎಡವದಂತೆ ಅಲ್ಲಿ ಗ್ರಾನೈಟ್ ಪಟ್ಟಿ ಇಳಿಜಾರಾಗಿ ಕೂರಿಸಿದೆವು. ಬಚ್ಚಲುಮನೆಗೆ ಇದೇ ಉಪಾಯವನ್ನು ನಾನು ಹೇಳುವುದಿಲ್ಲ. ಅಲ್ಲಿ ನೆಲ ಏರಿದರೆ ನೀರಿನ ವಾಟ ಕೆಡುತ್ತದೆ, ಜಾಲರಿ ತಗ್ಗಿನಲ್ಲಿ ಉಳಿಯುತ್ತದೆ. ಗೋಡೆಯಲ್ಲಿ ಈಗಾಗಲೇ ತೇವ ಕಾಣಿಸಿಕೊಂಡಿದ್ದರೆ ಒಡೆಸಿ, ವಾಟರ್‌ಪ್ರೂಫಿಂಗ್ ಮಾಡಿಸಿ, ಆಮೇಲೆಯೇ ಟೈಲ್ಸ್ ಹಾಕಿಸಬೇಕು. ಸೋರಿಕೆಯ ಮೇಲೆ ಹೊಸ ಟೈಲ್ ಮುಚ್ಚಿದರೆ ಸೋರಿಕೆ ನಿಲ್ಲುವುದಿಲ್ಲ.

ಚೀಲಗಳನ್ನು ಒಮ್ಮೆಲೇ ತಂದು ಪೇರಿಸಿಡುವ ಅಗತ್ಯವಿಲ್ಲ. ತಯಾರಾದ ತಿಂಗಳನ್ನು ಚೀಲದ ಮೇಲೆ ನೋಡಿಕೊಳ್ಳಿ, ನೆಲದ ತೇವ ತಾಗದಂತೆ ಹಲಗೆಯ ಮೇಲೆ ಇರಿಸಿ, ಕೈಗೆ ಗಂಟು ಸಿಗುವ ಪುಡಿಯನ್ನು ಬಳಸಬೇಡಿ. ತೆರೆಯದ ಚೀಲಗಳನ್ನು ವಾಪಸ್ ಪಡೆಯುವುದಾಗಿ ಅಂಗಡಿಯವರಿಂದ ಬಿಲ್ಲಿನ ಮೇಲೆಯೇ ಬರೆಸಿಕೊಂಡರೆ, ಸಂಜೆ ಮನೆಗೆ ಮರಳುವ ದಾರಿಯಲ್ಲಿ ಕೊಟ್ಟು ಹಣ ಪಡೆಯಬಹುದು. ನಮಗೆ ಉಳಿದ ಚೀಲಗಳಿಗೆ ಪೂರ್ತಿ ಹಣ ವಾಪಸ್ ಬಂತು.