ನೇಪಿಯರ್, ಕುದುರೆ ಮಸಾಲೆ, ಸೈಲೇಜ್, ಕಣಕಿ: ಬೋರಿನ ನೀರಿಗೆ ಯಾವ ಮೇವು ಒಳ್ಳೆಯದು?

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ ನಮ್ಮಂಥವರಿಗೆ ಬೇಸಿಗೆ ಬಂದರೆ ಒಂದೇ ಚಿಂತೆ. ಬೋರಿನ ನೀರು ನಿಂಬೆ ಗಿಡಕ್ಕೋ, ಎಮ್ಮೆಯ ಮೇವಿಗೋ? ನಮ್ಮ ಮಡ್ಡಿಯಲ್ಲಿ (ಕಲ್ಲು ಬೆರೆತ ನೆಲ) ನಿಂಬೆ ಇದೆ, ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಬಿಳಿಜೋಳ, ತೊಗರಿ ಇವೆ. ಕೊಟ್ಟಿಗೆಯಲ್ಲಿ ಎಮ್ಮೆ, ಆಕಳು. ನಿಂಬೆಗೂ ದನಕ್ಕೂ ಹಸಿ ಮೇವಿಗೂ ನೀರು ಬರುವುದು ಒಂದೇ ಬೋರಿನಿಂದ. ಹಾಗಾಗಿ ನೇಪಿಯರ್ ಹುಲ್ಲು, ಕುದುರೆ ಮಸಾಲೆ (ಲೂಸರ್ನ್), ಸೈಲೇಜ್ (ಗಾಳಿಯಾಡದಂತೆ ಮುಚ್ಚಿ ಹುಳಿಸಿಟ್ಟ ಹಸಿ ಮೇವು), ಕಣಕಿ (ತೆನೆ ಮುರಿದ ಜೋಳದ ಒಣ ದಂಟು), ಈ ನಾಲ್ಕೂ ಮೇವನ್ನು ನಮ್ಮ ಹೊಲದಲ್ಲೇ ಬೆಳೆದು ನೀರಿನ ಲೆಕ್ಕ ಹಿಡಿದೆ.

ಲೆಕ್ಕ ಕಷ್ಟದ್ದಲ್ಲ. ಒಂದು ಗುಂಟೆ ಅಂದ್ರೆ ಸುಮಾರು 101 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ನೀರು ನಿಂತರೆ 1 ಲೀಟರ್. ಸಾಲಿಗೆ ಹಾಯಿಸುವಾಗ ಒಂದು ಸಲಕ್ಕೆ 60 ಮಿಲಿಮೀಟರ್ ಹಿಡಿದರೂ ಗುಂಟೆಗೆ 6,000 ಲೀಟರ್ ಆಯ್ತು. ಹಾಲು ಕೊಡುವ ಎಮ್ಮೆ ದಿನಕ್ಕೆ 70 ಲೀಟರ್ ಕುಡಿಯುತ್ತದೆ ಅಂದುಕೊಳ್ಳಿ. ಗುಂಟೆ ಮೇವಿಗೆ ಒಮ್ಮೆ ಬಿಟ್ಟ ನೀರು ಅದಕ್ಕೆ ಹೆಚ್ಚುಕಡಿಮೆ 85 ದಿನ ಕುಡಿಯಲು ಸಾಕು! ಎಮ್ಮೆ ಸಾಕಿದರೆ ನೀರು ಜಾಸ್ತಿ ಬೇಕು ಅನ್ನುತ್ತೇವೆ. ಆ ನೀರು ಹೋಗುವುದು ಕುಡಿಯುವ ತೊಟ್ಟಿಗಲ್ಲ, ಮೇವಿನ ಮಡಿಗೆ.

ಮೊದಲು ನೇಪಿಯರ್. ಇದರ ಮೇಲೆ ಎಲ್ಲರಿಗೂ ಆಸೆ. ಒಮ್ಮೆ ಕಡ್ಡಿ ನೆಟ್ಟರೆ ವರ್ಷಗಟ್ಟಲೆ ಇರುತ್ತದೆ, 45 ದಿನಕ್ಕೊಮ್ಮೆ ಕೊಯ್ಯಬಹುದು. ಹೊರೆ ನೋಡಿದರೆ ಕಣ್ಣು ತುಂಬುತ್ತದೆ. ಆದರೆ ಆ ಹೊರೆಯಲ್ಲಿ ನೂರಕ್ಕೆ 80 ಪಾಲು ನೀರೇ. 5 ಕೆಜಿ ಹಸಿ ನೇಪಿಯರ್‌ನಲ್ಲಿ ಒಣ ತೂಕ 1 ಕೆಜಿ ಮಾತ್ರ. ಏಪ್ರಿಲ್, ಮೇ ತಿಂಗಳಲ್ಲಿ ಇದಕ್ಕೆ ಎಂಟು-ಹತ್ತು ದಿನಕ್ಕೊಮ್ಮೆ ನೀರು ಬೇಕು. ಎರೆ ನೆಲದಲ್ಲಿ ತಡವಾದರೆ ಬಿರುಕು ಬಿಡುತ್ತದೆ. ಆಮೇಲೆ ಬಿಟ್ಟ ನೀರು ಮೊದಲು ಆ ಬಿರುಕಿಗೇ ಇಳಿಯುತ್ತದೆ. ಡ್ರಿಪ್ ಹಾಕಿದ ಮೇಲೆ ಮೋಟರ್ ಓಡುವ ಹೊತ್ತು ಚೆನ್ನಾಗಿಯೇ ಕಡಿಮೆಯಾಯಿತು. ಆದರೂ ಅದೇ ಹೊತ್ತಿಗೆ ನಿಂಬೆಗೂ ನೀರು ಬೇಕಲ್ವಾ?

ಇಲ್ಲಿ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಒಂದು. ಯಾವ ಮೇವು ಅನ್ನುವುದಕ್ಕಿಂತ ಯಾವ ತಿಂಗಳಲ್ಲಿ ಬೆಳೆದ ಮೇವು ಅನ್ನುವುದೇ ದೊಡ್ಡದು. ಬೇಸಿಗೆಯ ಒಣ ಗಾಳಿ ಎಲೆಯಿಂದ ನೀರನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಆಗಸ್ಟ್‌ನ ಮೋಡದಡಿ ಅದೇ ನೇಪಿಯರ್ ಎಷ್ಟೋ ಕಡಿಮೆ ನೀರಿನಲ್ಲಿ ಅಷ್ಟೇ ಬೆಳೆಯುತ್ತದೆ, ಅದರಲ್ಲೂ ಅರ್ಧಕ್ಕರ್ಧ ಮಳೆಯದ್ದು.

ಅದಕ್ಕೇ ಸೈಲೇಜ್ ನನಗೆ ಹಿಡಿಸಿತು. ಮುಂಗಾರಿಗೆ ಆಫ್ರಿಕನ್ ಟಾಲ್ ತಳಿಯ ಗೋವಿನಜೋಳ ಬಿತ್ತಿದರೆ ಮಳೆ ಕೈಕೊಟ್ಟಾಗ ಮಾತ್ರ ಬೋರಿನ ಆಸರೆ ಸಾಕು. ಕಾಳಿನ ಹಾಲು ಗಟ್ಟಿಯಾಗುವ ಹೊತ್ತಿಗೆ ಕೊಯ್ದು, ಸಣ್ಣಗೆ ಕತ್ತರಿಸಿ, ಗಾಳಿ ಉಳಿಯದಂತೆ ತುಳಿದು ಮುಚ್ಚಬೇಕು. 45 ದಿನಕ್ಕೆ ತಯಾರು. ಮಳೆಗಾಲದ ನೀರನ್ನು ಮೇವಿನ ರೂಪದಲ್ಲಿ ಬೇಸಿಗೆಗೆ ಕೂಡಿಟ್ಟ ಹಾಗೆ. ಕೂಲಿ ಒಮ್ಮೆಗೇ ಬೀಳುತ್ತದೆ, ಅದು ನಿಜ. ಮುಚ್ಚಿದ ಹಾಳೆ ತೂತಾದರೆ ಬೂಸ್ಟು ಹಿಡಿಯುತ್ತದೆ. ಬೂಸ್ಟು ಹಿಡಿದದ್ದನ್ನು ಹಾಕಲೇಬೇಡಿ.

ಕುದುರೆ ಮಸಾಲೆಯನ್ನು ಬರೀ ನೀರಿನಿಂದ ಅಳೆದರೆ ಅದು ಸೋಲುತ್ತದೆ. ಒಂದು ಕೆಜಿ ಒಣ ತೂಕಕ್ಕೆ ಜೋಳ, ನೇಪಿಯರ್‌ಗಿಂತ ಜಾಸ್ತಿ ನೀರು ಕುಡಿಯುವ ಬೆಳೆ ಅದು. ಆದರೆ ಒಣ ತೂಕದಲ್ಲಿ ನೂರಕ್ಕೆ 20ರ ಹತ್ತಿರ ಪ್ರೋಟೀನ್ ಇರುತ್ತದೆ. ನೇಪಿಯರ್‌ನಲ್ಲಿ 8ರಿಂದ 10, ಕಣಕಿಯಲ್ಲಿ 3ರಿಂದ 4. ಹಾಗಾಗಿ ಇದನ್ನು ಮೇವು ಅನ್ನದೆ ಹಿಂಡಿಯ ಲೆಕ್ಕದಲ್ಲಿ ನೋಡಬೇಕು. ಎರಡು-ಮೂರು ಗುಂಟೆ ಇದ್ದರೆ ಹಿಂಡಿ ಚೀಲ ನಿಧಾನಕ್ಕೆ ಖಾಲಿಯಾಗುತ್ತದೆ. ಒಂದನ್ನೇ ಹಸಿಯಾಗಿ ತಿನ್ನಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಕಣಕಿ ಜೊತೆ ಬೆರೆಸಿ.

ನೀರಿಗೆ ಅಗ್ಗದ ಹಸಿ ಮೇವು ಅಂತ ಟ್ರೇಯಲ್ಲಿ ಮೊಳಕೆ ಬರಿಸುವವರೂ ಇದ್ದಾರೆ. ಮೊಳಕೆಯಾದ ಕಾಳಿನ ತೂಕ ಏರುವುದು ನೀರಿನಿಂದ. ಒಣ ತೂಕ ಏರುವುದಿಲ್ಲ, ಸ್ವಲ್ಪ ಇಳಿಯುತ್ತದೆ. ನನಗದು ಬೇಡ.

ಇನ್ನು ಕಣಕಿ. ನಮ್ಮ ಹಿರಿಯರು ಬಣವೆ ನೋಡಿ ಮನೆತನದ ಬಲ ಅಳೆಯುತ್ತಿದ್ದರು, ಅದರಲ್ಲಿ ಅರ್ಥವಿದೆ. ಹಿಂಗಾರಿ ಬಿಳಿಜೋಳ ಎರೆ ನೆಲದೊಳಗಿನ ತೇವದ ಮೇಲೆಯೇ ಬರುತ್ತದೆ, ಬೋರಿನ ಒಂದು ಹನಿಯೂ ಬೇಡ. ನಾವು ರೊಟ್ಟಿಗೆ ಬೆಳೆಯುತ್ತೇವೆ, ದನಕ್ಕೆ ಕಣಕಿ ಜೊತೆಗೇ ಸಿಗುತ್ತದೆ. ಒಣ ತೂಕ ನೂರಕ್ಕೆ 90. ಹಾಗೇ ಹಾಕಿದರೆ ದಪ್ಪ ದಂಟು ಗ್ವಾದಲಿಯಲ್ಲಿ (ಮೇವು ಹಾಕುವ ಜಾಗ) ಉಳಿಯುತ್ತದೆ. ಕತ್ತರಿಸಿ ಹಾಕಿದಾಗ ನಮ್ಮಲ್ಲಿ ಬಿಸಾಡುವುದು ತುಂಬಾ ಕಡಿಮೆಯಾಯಿತು. ಉಳಿದ ಪ್ರತಿ ಹಿಡಿ ಮೇವೂ ಉಳಿದ ನೀರೇ. ತೊಗರಿ ಹೊಟ್ಟು ಸೇರಿಸಿದರೆ ಎಮ್ಮೆ ಇಷ್ಟಪಟ್ಟು ತಿನ್ನುತ್ತದೆ. ಆದರೆ ಬರೀ ಕಣಕಿಯ ಮೇಲೆ ಹಾಲು ನಿಲ್ಲುವುದಿಲ್ಲ, ಕುದುರೆ ಮಸಾಲೆ ಇಲ್ಲವೇ ಹಿಂಡಿ ಬೇಕೇ ಬೇಕು.

ನನ್ನ ಆಯ್ಕೆ ಹೀಗಿದೆ. ಬೇಸಿಗೆಗೆ ಕಣಕಿ ಮತ್ತು ಸೈಲೇಜ್, ಜೊತೆಗೆ ಸ್ವಲ್ಪ ಕುದುರೆ ಮಸಾಲೆ. ನೇಪಿಯರ್ ಬದುವಿನ ಗುಂಟ ಮಾತ್ರ, ಮಳೆಗಾಲದಲ್ಲಿ ಕೊಯ್ಯಲು. ಬೇಸಿಗೆಯಲ್ಲಿ ಅದಕ್ಕೆ ಬೇರು ಉಳಿಯುವಷ್ಟೇ ನೀರು. ಕಾಲುವೆ ನೀರು ಇದ್ದವರ ಲೆಕ್ಕ ಬೇರೆ ಇರಬಹುದು. ಬೋರನ್ನೇ ನಂಬಿದವರಿಗೆ ನಾನು ಹೇಳುವುದು ಇದೇ.

ಇದರಲ್ಲಿ ತೊಡಕು ಇರುವುದು ಜೋಳದ ಕೂಲಿಯಲ್ಲಿ. ಕಡಲೆಯನ್ನು ಯಂತ್ರ ರಾಶಿ ಮಾಡಿಬಿಡುತ್ತದೆ. ಜೋಳವನ್ನು ಕೈಯಿಂದ ಕಿತ್ತು, ತೆನೆ ಮುರಿದು, ಸಿವುಡು ಕಟ್ಟಬೇಕು. ಅದಕ್ಕೇ ನಮ್ಮ ಸುತ್ತಮುತ್ತ ಹಲವರು ಜೋಳ ಬಿಟ್ಟು ಕಡಲೆಗೆ ಹೋಗಿದ್ದಾರೆ, ಕಣಕಿಯ ರೇಟು ಏರಿದೆ. ಎಮ್ಮೆ ಕಟ್ಟಿದವರು ಮನೆಗಾಗುವಷ್ಟಾದರೂ ಮಾಲದಂಡಿ ತಳಿಯ ಜೋಳ ಬಿತ್ತಿ. ಅದರ ದಂಟು ಎತ್ತರ, ಕಣಕಿ ಸಿಹಿ. ಜೋಳದ ಲಾಭ ನೋಡುವಾಗ ಕಣಕಿಯ ಬೆಲೆಯನ್ನೂ ಸೇರಿಸಿಯೇ ಕೂಲಿಯ ಜೊತೆ ತೂಗಿ ನೋಡಿ.